ಇಬ್ಬರ ಹೋಗಿ ಮಾಡೂದೇನು?

ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಸೂಟ್ ಹೋಟೆಲುಗಳು ಮಾರುವುದು ಕೋಣೆಯನ್ನಲ್ಲ, ಏಕಾಂತವನ್ನು. ಸ್ವಂತ ಬಾಗಿಲು, ಸ್ವಂತ ಅಂಗಳ, ಅಂಗಳದಲ್ಲಿ ಸ್ವಂತ ಪುಟ್ಟ ಕೊಳ, ಕೊಳದಾಚೆ ಸಮುದ್ರ. ಬೆಳಗಿನ ತಿಂಡಿಯೂ ನೀವು ಕೂತಲ್ಲಿಗೇ ಬರುತ್ತದೆ. ಇನ್ನೊಬ್ಬ ಮನುಷ್ಯನ ಮುಖ ನೋಡುವ ಪ್ರಸಂಗವೇ ಬರಬಾರದೆಂದು ಇಷ್ಟೆಲ್ಲ ವ್ಯವಸ್ಥೆ. ನಮ್ಮ ಕಣ್ಣಿಗೆ ಬಿದ್ದ ಹೋಟೆಲು ಇದಕ್ಕೆ ಒಂದು ರಾತ್ರಿಗೆ ಕೇಳಿದ್ದು ನಾನೂರು ಯುರೋ. ಯುರೋ ನೂರು ರೂಪಾಯಿ ದಾಟಿ ಕೂತಿರುವುದರಿಂದ ಲೆಕ್ಕ ಸುಲಭ: ನಲವತ್ತು ಸಾವಿರ, ಮೇಲೆ ಚಿಲ್ಲರೆ.

ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದವನಿಗೆ ಈ ಸರಕಿನ ಬೆಲೆ ಅಂದಾಜಾಗುವುದು ಕಷ್ಟ. ಕುಕ್ಕರಿನ ಸೀಟಿ ಎಣಿಸಿ ಯಾರ ಮನೆಗೆ ಬೀಗರು ಬಂದಿದ್ದಾರೆಂದು ಹೇಳುವ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲಿದ್ದಾರೆ. ಕೈಯಲ್ಲಿ ಬ್ಯಾಗು ಹಿಡಿದು ಹೊರಬಿದ್ದರೆ ಜುಬಿಲಿ ಸರ್ಕಲ್ ಮುಟ್ಟುವುದರೊಳಗೆ ನಾಲ್ಕು ಮಂದಿ ‘ಎಲ್ಲಿಗಿ?’ ಎಂದು ಕೇಳಿರುತ್ತಾರೆ. ಐದನೆಯವರು ಅದನ್ನೂ ಕೇಳುವುದಿಲ್ಲ. ‘ಹುಬ್ಬಳ್ಳಿಗಿ ಹೊಂಟೀರಲ್ಲಾ, ದುರ್ಗದಬೈಲಿನ್ಯಾಗ ಒಂದು ಕೆಲಸಿತ್ತು’ ಎಂದು ಸೀದಾ ಚೀಟಿ ಕೊಡುತ್ತಾರೆ.

ಈ ಪ್ರವಾಸದ ಬೆಂಕಿ ಹಚ್ಚಿದ್ದು ಬೆಂಗಳೂರಿನಲ್ಲಿರುವ ಮಗಳು. ನಮ್ಮ ಮದುವೆಗೆ ಮೂವತ್ತು ವರ್ಷ ತುಂಬುತ್ತದೆ ಎನ್ನುವುದು ನನಗಿಂತ ಮೊದಲು ಅವಳಿಗೆ ನೆನಪಾಗಿತ್ತು. ‘ಅಪ್ಪಾ, ಮದುವಿ ಆದ ಹೊಸದರಾಗ ನೀವು ಎಲ್ಲೂ ಹೋಗಿಲ್ಲ. ಈಗರೆ ಇಬ್ಬರ ಹೋಗಿ ಬರ್ರಿ’ ಎಂದಳು. ಎಲ್ಲೂ ಹೋಗಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಗೋಕರ್ಣಕ್ಕೆ ಹೋಗಿದ್ದೆವು. ಜೊತೆಗೆ ನಮ್ಮವ್ವ, ಇಬ್ಬರು ತಂಗಿಯರು ಮತ್ತು ಒಂದು ಪಂಪ್ ಸ್ಟೋವ್ ಇದ್ದವು.

ಹೆಂಡತಿ ಹೋಟೆಲಿನ ಫೋಟೋದಲ್ಲಿದ್ದ ಕೊಳವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಕೇಳಿದ ಪ್ರಶ್ನೆ ಒಂದೇ: ‘ಅಲ್ರೀ, ಅಲ್ಲೆ ನೀರು ಎಷ್ಟು ದಿನಕ್ಕೊಮ್ಮಿ ಬಿಡತಾರ?’

ಹುಬ್ಬಳ್ಳಿ-ಧಾರವಾಡದವರಿಗೆ ಇದು ನಗೆಯ ಮಾತಲ್ಲ. ಸವದತ್ತಿ ಹತ್ತಿರ ಮಲಪ್ರಭೆಯನ್ನು ತಡೆದು ನಿಲ್ಲಿಸಿ ತಂದ ನೀರು ನಮ್ಮದು. ಇಪ್ಪತ್ನಾಲ್ಕು ತಾಸಿನ ನಳ ಬಂದ ಭಾಗ್ಯವಂತ ಓಣಿಗಳನ್ನು ಬಿಟ್ಟರೆ ಉಳಿದವರದು ಪಾಳಿಯ ಬದುಕು. ಇಲ್ಲಿ ಮದುವೆಯ ಮುಹೂರ್ತಕ್ಕೆ ಪಂಚಾಂಗ ಸಾಕು. ಊರು ಬಿಡುವ ಮುಹೂರ್ತಕ್ಕೆ ನಳದ ದಿನವನ್ನೂ ನೋಡಬೇಕು. ನಾನು ಓದಿ ತಿಳಿದಷ್ಟು ಹೇಳಿದೆ. ಆ ದ್ವೀಪದಲ್ಲಿ ನದಿಯಿಲ್ಲ. ಹಿಂದಿನವರು ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಮನೆಯ ಕೆಳಗಿನ ತೊಟ್ಟಿಗೆ ಇಳಿಸಿಕೊಂಡು ವರ್ಷ ಕಳೆಯುತ್ತಿದ್ದರು. ಈಗ ಸಮುದ್ರದ ನೀರಿನ ಉಪ್ಪು ತೆಗೆದು ಬಳಸುತ್ತಾರೆ.

‘ಅಂದ್ರ ಮುಂದಿದ್ದ ಸಮುದ್ರದ ನೀರನ್ನ ರೊಕ್ಕ ಖರ್ಚು ಮಾಡಿ ಎತ್ತಿ, ಅದರ ಎದುರಿಗೇ ಇನ್ನೊಂದು ಹೊಂಡದಾಗ ತುಂಬಸತಾರ,’ ಎಂದಳು ಹೆಂಡತಿ. ಆ ಕೊಳದ ವರ್ಣನೆ ಹೋಟೆಲಿನವರೂ ಇಷ್ಟು ಚೊಕ್ಕಾಗಿ ಮಾಡಿರಲಿಲ್ಲ.

ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದ್ದೆವು. ಆದರೆ ನಾವಿಲ್ಲದಾಗ ನಳದ ಪಾಳಿ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳದೆ ವಿಧಿಯಿರಲಿಲ್ಲ. ಅಷ್ಟು ಸಾಕಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಕಾಕಾ, ಕಾಕು ಇಬ್ಬರೂ ಬಂದು ಪಡಸಾಲೆಯಲ್ಲಿ ಕೂತಿದ್ದರು. ಕಾಕಾ ನಿವೃತ್ತ ಇಂಜಿನಿಯರು. ಯಾವ ಕಟ್ಟಡ ತೋರಿಸಿದರೂ ಮೊದಲು ಅದರ ದೋಷ ಕಾಣುವ ಕಣ್ಣು.

‘ಅಲ್ಲೋ ತಮ್ಮಾ, ಈ ಕೋಣಿಗೆ ಹಿಂದ ಕಿಡಕಿನ ಇಲ್ಲಲ್ಲ?’

ಇಲ್ಲ, ಅದು ಗವಿ ಎಂದೆ. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ವಿವರಿಸಿದೆ. ಅಲ್ಲಿಯ ನೆಲ ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು. ಅಗೆಯಲು ಸುಲಭ. ಗೋಡೆ ಕಟ್ಟುವ ತಾಕತ್ತಿಲ್ಲದ ಬಡ ನಾವಿಕರು ಅದರಲ್ಲಿ ಗವಿ ಕೊರೆದು, ಸುಣ್ಣ ಬಳಿದು ಸಂಸಾರ ಮಾಡಿದರು. ಹಡಗಿನ ಕಪ್ತಾನರು ಮಾತ್ರ ಮೇಲೆ, ಓಯಾ ಎಂಬ ಊರಿನ ದಿಬ್ಬದ ಮೇಲೆ, ಮಹಡಿ ಮನೆ ಕಟ್ಟಿಸಿದರು. 1956ರ ಜುಲೈ 9ರಂದು ದೊಡ್ಡ ಭೂಕಂಪವಾಗಿ ಮನೆಗಳು ಕುಸಿದವು. ಎಷ್ಟೋ ಜನ ಊರು ಬಿಟ್ಟರು, ಗವಿಗಳು ಹಾಳು ಬಿದ್ದವು. ಮುಂದೆ ಪ್ರವಾಸಿಗರು ಬರತೊಡಗಿದ ಮೇಲೆ ಅದೇ ಗವಿಗಳಿಗೆ ಮತ್ತೆ ಸುಣ್ಣ ಬಿತ್ತು. ಬಡವರು ಬಿಟ್ಟುಹೋದ ಗವಿ ಈಗ ಸೂಟ್. ಕಪ್ತಾನನೇ ಎದ್ದು ಬಂದರೂ ಎರಡು ರಾತ್ರಿಗಿಂತ ಹೆಚ್ಚು ನಿಲ್ಲಲು ಯೋಚಿಸಬೇಕಾದ ದರ.

‘ಗವಿಯೊಳಗ ಮಲಗೂದಕ್ಕ ನಲವತ್ತು ಸಾವಿರ!’ ಕಾಕಾನ ದನಿ ಏರಿತು. ‘ಬಾದಾಮಿಯೊಳಗ ಮಂಗಳೇಶ ಮಾಡಿಸಿದ್ದು, 578ರ ಶಾಸನ ಇದ್ದ ಗವಿ ಅದ. ಚಿತ್ರ ಅದ, ಶಿಲ್ಪ ಅದ, ಮುಂದ ಕೆರಿ ಅದ. ಟಿಕೆಟ್ ಎಷ್ಟು ಹೇಳು?’

‘ಅಲ್ಲೆ ಮಲಗಾಕ ಬಿಡೂದಿಲ್ಲ,’ ಎಂದರು ಕಾಕು.

‘ಅವರು ಬಿಟ್ಟರೂ ಮಂಗ್ಯಾ ಬಿಡೂದಿಲ್ಲ,’ ಎಂದು ಕಾಕಾ ಒಪ್ಪಿಕೊಂಡರು.

ಹೆದರಿಸಿ ನೋಡೋಣವೆಂದು ಉಳಿದದ್ದನ್ನೂ ಹೇಳಿದೆ. ಫೋಟೋದಲ್ಲಿ ನೀಲಿಯಾಗಿ ಕಾಣುವ ಆ ಸಮುದ್ರ ಅಸಲಿಗೆ ಜ್ವಾಲಾಮುಖಿಯ ಬಾಯಿ. ಸುಮಾರು 3,600 ವರ್ಷಗಳ ಹಿಂದೆ ಸಿಡಿದು ದ್ವೀಪದ ನಡುವೆಲ್ಲ ಕುಸಿದದ್ದರಿಂದ ಅದಕ್ಕೆ ಈಗಿನ ರೂಪ ಬಂತು. 2025ರ ಫೆಬ್ರವರಿಯಲ್ಲೂ ಸಾವಿರಾರು ಸಲ ನೆಲ ನಡುಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ಹೊರಟುಬಿಟ್ಟಿದ್ದರು. 3,600 ವರ್ಷಗಳ ಹಿಂದಿನ ಆ ಸಿಡಿತದಲ್ಲಿ ಬೂದಿಯಡಿ ಹೂತುಹೋದ ಅಕ್ರೊತಿರಿ ಎಂಬ ಪಟ್ಟಣವನ್ನು 1967ರಿಂದ ಅಗೆದು ತೆಗೆದಿದ್ದಾರೆ. ಎರಡು ಮೂರು ಅಂತಸ್ತಿನ ಮನೆಗಳಿವೆ, ಬೀದಿಯ ಕೆಳಗೆ ಗಟಾರವಿದೆ.

ಕಾಕಾ ಹೆದರಲಿಲ್ಲ. ಗಟಾರ ಎಂದೊಡನೆ ನೆಟ್ಟಗೆ ಕೂತರು.

‘ಬೀದಿ ಕೆಳಗ? ಅಷ್ಟು ಹಿಂದ? ಅದರ ಇಳಿಜಾರು ಎಷ್ಟು ಇಟ್ಟಾರೋ? ಇದನ್ನ ನೋಡಬೇಕಪಾ.’

ಅಲ್ಲಿಗೆ ಮೂರನೆಯ ಟಿಕೆಟ್ಟು ಆಯಿತು. ಕಾಕಾ ಬರುವುದಾದರೆ ಅವರ ಗುಳಿಗೆ ಕೊಡಲು ಕಾಕು ಬೇಕು, ನಾಲ್ಕನೆಯದೂ ಆಯಿತು. ಹಳೆಯ ಬಂದರಿನಿಂದ ಫಿರಾ ಊರಿಗೆ ಸುಮಾರು ಆರುನೂರು ಮೆಟ್ಟಿಲು, ಕತ್ತೆಯ ಮೇಲೆ ಕೂತೂ ಹತ್ತಬಹುದು ಎಂದು ಓದಿ ಹೇಳಿದಾಗ ಕಾಕಾ ಅದಕ್ಕೂ ತಯಾರು. ಆದರೆ 2018ರಲ್ಲಿ ಗ್ರೀಸ್ ಸರ್ಕಾರ ನಿಯಮ ಮಾಡಿದೆ: ಕತ್ತೆಯ ಮೇಲೆ ನೂರು ಕಿಲೋಗಿಂತ, ಇಲ್ಲವೇ ಅದರ ಮೈತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಹೇರುವಂತಿಲ್ಲ. ಕಾಕು ಆ ಕ್ಷಣವೇ ಕಾಕಾನ ತೂಕವನ್ನು ಸಭೆಯ ಮುಂದಿಟ್ಟರು. ಅಂಥ ಕತ್ತೆ ಗ್ರೀಸಿನಲ್ಲಿ ಹುಟ್ಟಿಲ್ಲ. ಪುಣ್ಯಕ್ಕೆ ಕೇಬಲ್ ಕಾರ್ ಇದೆ.

ಕಾಕುವಿನ ವಿಚಾರಣೆ ಅಡಿಗೆಯ ಮೇಲೆ. ಸ್ಯಾಂಟೊರಿನಿಯ ಹೆಸರಾಂತ ತಿನಿಸು ಯಾವುದು? ಫಾವಾ. ಅಂದರೆ? ಹಳದಿ ಬೇಳೆ ಬೇಯಿಸಿ, ನುಣ್ಣಗೆ ಮಸೆದು, ಮೇಲೆ ಎಣ್ಣೆ, ಉಳ್ಳಾಗಡ್ಡಿ ಹಾಕುತ್ತಾರೆ. ಮತ್ತೇನು? ಅಲ್ಲಿನ ಸಣ್ಣ ಟೊಮೆಟೊವನ್ನು ಹಿಟ್ಟಿನಲ್ಲಿ ಕಲಸಿ ಎಣ್ಣೆಯಲ್ಲಿ ಕರಿಯುತ್ತಾರೆ.

‘ಬ್ಯಾಳಿ, ಭಜಿ,’ ಎಂದರು ಕಾಕು. ತೀರ್ಪು ಆಯಿತು. ಸೂಟಿನಲ್ಲಿ ಒಂದು ಪುಟ್ಟ ಅಡಿಗೆಮನೆಯೂ ಇದೆ ಎಂದು ಗೊತ್ತಾದ ಮೇಲಂತೂ ಅವರು ಹೋಟೆಲನ್ನು ತಮ್ಮದೇ ಮನೆಯ ವಿಸ್ತರಣೆ ಎಂದು ಭಾವಿಸಿದಂತೆ ಕಂಡಿತು. ಖಟಕ್ ರೊಟ್ಟಿ ಎಷ್ಟು ದಿನ ತಡೆಯುತ್ತದೆ, ಶೇಂಗಾ ಚಟ್ನಿ ಎಷ್ಟು ಡಬ್ಬಿ, ಮೊಸರಿಗೆ ಹೆಪ್ಪು ಒಯ್ಯುವುದು ಹೇಗೆ ಎಂಬ ಚರ್ಚೆ ನಡೆಯಿತು. ಹೆಪ್ಪು ಬೇಡ, ಮೊಸರಿನಲ್ಲಿ ಗ್ರೀಸಿನವರು ನಮಗೆ ಪಾಠ ಹೇಳಬಲ್ಲರು ಎಂದು ಸಮಾಧಾನ ಮಾಡಿದೆ.

ತೊಡಕಾದದ್ದು ಪೇಡೆ. ಯುರೋಪ್ ಒಕ್ಕೂಟಕ್ಕೆ ಹೊರಗಿನ ಪ್ರವಾಸಿಗರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಬರಿಗೈಯಲ್ಲಿ ಹೋದರೆ ಹೋಟೆಲಿನವರು ಏನು ತಿಳಿದುಕೊಂಡಾರು? ಧಾರವಾಡದ ಪೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅವರ ಫಾವಾಕ್ಕೂ ಯುರೋಪಿನ ಅಂಥದೇ ಮುದ್ರೆ ಇದೆ. ಮುದ್ರೆಯವರು ಮುದ್ರೆಯವರ ಮನೆಗೆ ಹೋಗುವಾಗ ಕೊಡು-ಕೊಳ್ಳುವುದು ಬೇಡವೇ? ಕಾಕಾ ವಕೀಲಿಕೆಗೆ ಇಳಿದರು. ‘ಪೇಡೆ ಹಾಲು ಹೆಂಗಾಗತದ? ಹಾಲು ಬತ್ತಿ ಖೋವಾ ಆತು, ಖೋವಾ ಕೆಂಪಗ ಹುರದು, ಸಕ್ಕರಿಯೊಳಗ ಹೊರಳಿ ಬಂದದ. ಇಷ್ಟೆಲ್ಲಾ ಸಂಸ್ಕಾರ ಆದ ಮ್ಯಾಲೆ ಹಿಂದಿನ ಜನ್ಮದ ಹೆಸರು ಹಿಡದು ಕೇಳೂದು ಅಂದ್ರ ಅನ್ಯಾಯ.’ ಅಥೆನ್ಸಿನ ಕಸ್ಟಮ್ಸ್ ಅಧಿಕಾರಿಗೆ ಇದನ್ನು ಹೇಳುವ ಹೊಣೆಯನ್ನೂ ಅವರಿಗೇ ವಹಿಸಲಾಗಿದೆ.

ದಿನ ಗೊತ್ತು ಮಾಡುವುದು ಇನ್ನೊಂದು ಮಹಾಯಜ್ಞ. ದ್ವೀಪದ ಹೆಚ್ಚಿನ ಹೋಟೆಲುಗಳು ನವೆಂಬರಿನಿಂದ ಮಾರ್ಚಿನವರೆಗೆ ಬಾಗಿಲು ಹಾಕುತ್ತವೆ. ಏಪ್ರಿಲ್ ಮೇದಲ್ಲಿ ನಮ್ಮ ಮನೆಗೇ ಊರೆಲ್ಲ ಬರುತ್ತದೆ. ಜುಲೈ ಆಗಸ್ಟಿನಲ್ಲಿ ಅಲ್ಲಿ ಜನಜಂಗುಳಿ, ಉತ್ತರದ ಬಿರುಗಾಳಿ, ಇಲ್ಲಿ ಶ್ರಾವಣ. ಆಮೇಲೆ ಗಣಪ್ಪ, ಪಕ್ಷಮಾಸ, ನವರಾತ್ರಿಯ ಘಟ್ಟ. ಕೊನೆಗೆ ದಸರೆ ಮತ್ತು ದೀಪಾವಳಿಯ ನಡುವೆ, ಅಕ್ಟೋಬರಿನ ಬಾಲದಲ್ಲಿ, ಒಂದು ವಾರ ಸಿಕ್ಕಿತು. ಅಕ್ಟೋಬರ್ ಮುಗಿಯುವವರೆಗೆ ಐದು ನಕ್ಷತ್ರದ ಕೋಣೆಗೆ ರಾತ್ರಿಗೆ 15 ಯುರೋ ಹವಾಮಾನದ ಶುಲ್ಕವೂ ಉಂಟು, ಬಾಡಿಗೆಯ ಹೊರತಾಗಿ. ಧಾರವಾಡದ ಹವೆಗೆ ಇಷ್ಟು ವರ್ಷ ಯಾರೂ ಬಿಲ್ಲು ಮಾಡಿಲ್ಲ ಎನ್ನುವುದನ್ನು ಕಾಕಾ ಎರಡು ಸಲ ಹೇಳಿದರು.

ಇಷ್ಟರಲ್ಲಿ ಸುದ್ದಿ ವಿದ್ಯಾವರ್ಧಕ ಸಂಘದ ಮೆಟ್ಟಿಲು ಮುಟ್ಟಿತ್ತು. ಒಂದು ಪುಸ್ತಕ ಬಿಡುಗಡೆಯ ಚಹಾದ ವೇಳೆ ನಿವೃತ್ತ ಪ್ರಾಧ್ಯಾಪಕರೊಬ್ಬರು ನನ್ನ ಕೈ ಹಿಡಿದು ಮೂಲೆಗೆ ಒಯ್ದರು. ‘ನೀವು ಪ್ರವಾಸಕ್ಕ ಹೊಂಟಿಲ್ಲ, ಮರುಭೇಟಿಗೆ ಹೊಂಟೀರಿ’ ಎಂದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 2ನೇ ಶತಮಾನದ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿತಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನ ಸೆರೆಯಲ್ಲಿದ್ದಾಳೆ. ಅವಳನ್ನು ಬಿಡಿಸಲು ಅಣ್ಣ ತನ್ನವರೊಡನೆ ಬರುತ್ತಾನೆ, ರಾಜನಿಗೆ ಚೆನ್ನಾಗಿ ಕುಡಿಸಿ ಕೆಡವುತ್ತಾರೆ, ಹಡಗು ಹತ್ತಿ ಪಾರಾಗುತ್ತಾರೆ. ರಾಜನ ಕಡೆಯವರ ಕೆಲವು ಮಾತುಗಳು ಕನ್ನಡ ಎಂದು ಹುಲ್ಟ್ಶ್, ಆರ್. ಶಾಮಾಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಧಾರವಾಡದಲ್ಲಿ ಒಪ್ಪದವರು ಸಿಗುವುದು ಕಷ್ಟ. ‘ಅವರು ನಮ್ಮ ದಂಡಿಗೆ ಬಂದು ಹದಿನೆಂಟುನೂರು ವರ್ಷದ ಮ್ಯಾಲಾತು. ನಾವಿನ್ನೂ ಹೋಗಿಲ್ಲ. ಮರ್ಯಾದಿ ಪ್ರಶ್ನೆ,’ ಎಂದರು. ಆ ನಾಟಕದ ವಿದೂಷಕ ಶತ್ರುಗಳನ್ನು ಓಡಿಸುವುದು ತನ್ನ ಹೊಟ್ಟೆಯ ವಾಯುವಿನಿಂದ ಎಂಬ ವಿವರವನ್ನು ಅವರು ಕಿವಿಯಲ್ಲಿ ಹೇಳಿದರು. ಅದನ್ನು ಕೇಳಿ ಶೇಂಗಾ ಚಟ್ನಿಯ ಡಬ್ಬಿಗಳ ಬಗ್ಗೆ ನನಗೆ ಹೊಸ ಗೌರವ ಬಂತು. ಪ್ರಾಧ್ಯಾಪಕರು ಸೋಫಾದ ಮೇಲೆ ಕೂಡ ಮಲಗಬಲ್ಲರಂತೆ. ನಾನು ಕೇಳಿರಲಿಲ್ಲ.

ಇವರೆಲ್ಲರನ್ನೂ ಕೈಮುಗಿದು ತಡೆಯಬಹುದಿತ್ತು. ತಡೆಯಲಿಲ್ಲ. ಅದಕ್ಕೆ ಕಾರಣ ಒಂದು ರಾತ್ರಿಯ ಮಾತು. ದೀಪ ಆರಿಸಿದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು: ‘ಅಲ್ರೀ, ಖರೇನ ನಾವಿಬ್ಬರ ಹೋದ್ರ, ನಾಲ್ಕು ದಿನ ಮಾಡೂದೇನು?’

ಸಮುದ್ರ ನೋಡೂದು ಎಂದೆ.

‘ನೋಡಿದ ಮ್ಯಾಲೆ?’

ನನಗೂ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ನಾವಿಬ್ಬರೂ ಮಾತಾಡಿದ್ದೆಲ್ಲ ಮೂರನೆಯವರ ಬಗ್ಗೆ. ಅವ್ವನ ಮೊಣಕಾಲು, ಮಗಳ ಪರೀಕ್ಷೆ, ಕಾಕಾನ ಹಟ, ಪಕ್ಕದ ಮನೆಯ ನೆಲ್ಲಿಕಾಯಿ ಗಿಡ. ಆ ಹೋಟೆಲಿನವರು ಇವರೆಲ್ಲರನ್ನೂ ಹೊರಗಿಟ್ಟು ಬಾಗಿಲು ಹಾಕಿ, ಈಗ ಮಾತಾಡ್ರಿ ಎನ್ನುತ್ತಾರೆ. ಕೊಳದಲ್ಲಿ ಕಾಲು ಇಳಿಬಿಟ್ಟು ಕೂತು, ಬ್ಯಾಂಕಿನಲ್ಲಿ ಪಾಸ್‌ಬುಕ್ ತುಂಬಿಸಿಕೊಂಡು ಬಂದಿರಾ ಎಂದು ಎಷ್ಟು ಸಲ ಕೇಳಲಿಕ್ಕಾಗುತ್ತದೆ? ನಮ್ಮ ದಾಂಪತ್ಯ ಗಟ್ಟಿಯಾದದ್ದೇ. ಆದರೆ ಅದು ಮಂದಿಯ ನಡುವೆ ಕಟ್ಟಿದ್ದು; ಸುತ್ತಲಿನ ಗೋಡೆ ತೆಗೆದರೆ ಮಾಳಿಗೆ ಎಲ್ಲಿ ನಿಂತೀತು? ಏಕಾಂತ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲಿನಿಂದ ರೂಢಿ ಬೇಕು. ಐವತ್ತೆಂಟರಲ್ಲಿ ಒಮ್ಮೆಲೇ ನಾಲ್ಕು ದಿನದ ಡೋಸು ಹೆಚ್ಚಾಗುತ್ತದೆ.

ಮರುದಿನವೇ ಹೋಟೆಲಿಗೆ ಪತ್ರ ಬರೆದೆ. ಸೂಟಿನಲ್ಲಿ ಗರಿಷ್ಠ ನಾಲ್ವರು ಇರಬಹುದು, ಬಿಚ್ಚಿದರೆ ಹಾಸಿಗೆಯಾಗುವ ಸೋಫಾ ಇದೆ, ಐದನೆಯವರಿಗೆ ಪಕ್ಕದ ಚಿಕ್ಕ ಸೂಟ್ ಕೊಡಬಹುದು ಎಂದು ಉತ್ತರ ಬಂತು. ಕೊನೆಯಲ್ಲಿ ಆ ಪುಣ್ಯಾತ್ಗಿತ್ತಿ, ನಿಮ್ಮ ಮಧುಚಂದ್ರಕ್ಕೆ ಶುಭಾಶಯ ಎಂದೂ ಬರೆದಿದ್ದಳು. ಮಗಳು ಮಾತ್ರ ಫೋನಿನಲ್ಲಿ ಒಂದು ನಿಮಿಷ ಸುಮ್ಮನಿದ್ದು, ‘ಸ್ಟೋವ್ ಒಯ್ಯಬ್ಯಾಡ್ರಿ ಅಷ್ಟ’ ಎಂದಳು.

ಹೀಗಾಗಿ ಎರಡನೆಯ ಸೂಟಿನಲ್ಲಿ ಪ್ರಾಧ್ಯಾಪಕರ ಜೊತೆ ಇನ್ನೊಬ್ಬರಿಗೆ ಜಾಗವಿದೆ. ಬಾಡಿಗೆ ಅರ್ಧರ್ಧ. ಇಸ್ಪೀಟು ಬರುವವರಾದರೆ ಒಳ್ಳೆಯದು, ಖಾರಿತಿಯೊನ್ ಕತೆಯನ್ನು ದಿನಕ್ಕೊಮ್ಮೆ ಕೇಳುವ ತಾಳ್ಮೆ ಕಡ್ಡಾಯ. ಪಾಸ್‌ಪೋರ್ಟು, ಬ್ಯಾಂಕಿನ ಲೆಕ್ಕ, ಮೂವತ್ತು ಸಾವಿರ ಯುರೋದ ಆಸ್ಪತ್ರೆ ವಿಮೆ ಇವನ್ನು ನೀವೇ ಹೊಂದಿಸಿಕೊಳ್ಳಬೇಕು. ವೀಸಾ ಫೀ 90 ಯುರೋ ಕೂಡ ನಿಮ್ಮದೇ. ಅರ್ಜಿ ತಿರಸ್ಕರಿಸಿದರೂ ಅದನ್ನು ಅವರು ಮರಳಿ ಕೊಡುವುದಿಲ್ಲ.