ಕುಂಬಾರನಿಗೆ ನಿಮಿಷ, ದೊಣ್ಣೆಗೆ ವರುಷ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಟ್ಟಿದವರು ಮಡಕೆ ನೋಡಿದ್ದರೇ ಹೊರತು ದೊಡ್ಡ ಸಂಖ್ಯೆಗಳನ್ನು ನೋಡಿರಲಿಲ್ಲ. ಅಲ್ಲಿ ಗಾದೆ ತಲೆಕೆಳಗಾಗುತ್ತದೆ ಎಂಬುದು ನನ್ನ ವಾದ, ಸಾಕ್ಷಿ 14,75,73,95,25,89,67,64,12,927. ಒಂದೇ ಉಸಿರಿಗೆ ಓದಲು ಹೋಗಬೇಡಿ. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳು ಇಡಿಸಿ ರಾಜನನ್ನು ದಿವಾಳಿ ಎಬ್ಬಿಸಿದ ಕಥೆ ಗೊತ್ತಲ್ಲ? ಆ ಮಣೆಗೆ ಇನ್ನೂ ಮೂರು ಮನೆ ಸೇರಿಸಿ 67 ಮಾಡಿದರೆ ಒಟ್ಟು ಕಾಳು ಇಷ್ಟಾಗುತ್ತದೆ. 1644ರಲ್ಲಿ ಫ್ರಾನ್ಸಿನ ಸನ್ಯಾಸಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಂಕ್ತಿಯಲ್ಲಿ ಕೂರಿಸಿದರು. ಎಬ್ಬಿಸಲು ಎರಡು ಶತಮಾನ ಯಾರಿಂದಲೂ ಆಗಲಿಲ್ಲ. 1876ರಲ್ಲಿ ಗಣಿತಜ್ಞ ಲ್ಯುಕಾ ಇದು ಅವಿಭಾಜ್ಯವಲ್ಲ ಎಂದು ಸಾಧಿಸಿದರು, ಆದರೆ ಯಾವುದರಿಂದ ಭಾಗವಾಗುತ್ತದೆಂದು ಹೇಳಲಿಲ್ಲ. ಮನೆಯೊಳಗೆ ಕಳ್ಳನಿದ್ದಾನೆ, ಯಾವ ಕೋಣೆಯಲ್ಲಿ ಎಂದು ಮಾತ್ರ ಕೇಳಬೇಡಿ ಎಂದಂತಾಯಿತು. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ತುಟಿ ಬಿಚ್ಚದೆ ಬೋರ್ಡಿನ ಮೇಲೆ 19,37,07,721 ಮತ್ತು 7,61,83,82,57,287 ಇವೆರಡನ್ನು ಗುಣಿಸಿ ತೋರಿಸಿ ಕೂತರಂತೆ. ಅವನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವು ಎಂದೂ ಹೇಳಿದರಂತೆ. ಗುಣಾಕಾರಕ್ಕೆ ಒಂದು ಬೋರ್ಡು, ಬಿಡಿಸಲು ನೂರೈವತ್ತು ರಜೆ, ಮನೆಯವರು ಏನೆಂದರೋ!

ದೊಡ್ಡದಾದ ಮಾತ್ರಕ್ಕೆ ಗಟ್ಟಿಯೇ ಎಂದು ಕೇಳಬಹುದು. ಖಂಡಿತ ಅಲ್ಲ. ಒಂದರ ಮುಂದೆ ನೂರು ಸೊನ್ನೆ ಹೊತ್ತು ಬೀಗುವ ಸಂಖ್ಯೆ ಎರಡು, ಐದರ ಏಟಿಗೇ ಪುಡಿಪುಡಿ. ಗಾತ್ರ ಬರೀ ಹೊಟ್ಟೆ. ಗಟ್ಟಿತನವಿರುವುದು ಅಪವರ್ತನಗಳೂ ದೊಡ್ಡವಾಗಿ ಒಳಗೆ ಅಡಗಿದಾಗ. ಹಾಗಾದರೆ ಸಿಕ್ಕಿದ್ದರಿಂದೆಲ್ಲ ಭಾಗಿಸುತ್ತ ಹೋದರಾಯಿತಲ್ಲ ಎಂಬುದು ಇನ್ನೊಂದು ತಕರಾರು. ಎಲ್ಲವೂ ಬೇಡ, ಕೋಲ್ ಒಡೆದ ಸಂಖ್ಯೆಯ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, 134ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂಬ ಸುಳಿವು ಗಣಿತದಲ್ಲೇ ಇದೆ. 135, 269, 403 ಎಂದು ಸಾಲಾಗಿ ನೋಡಿಕೊಂಡು ಹೋಗಿ. ಕೋಲ್ ಹಿಡಿದ ಚಿಕ್ಕ ಅಪವರ್ತನ ಆ ಸಾಲಿನಲ್ಲಿ 14,45,580ನೆಯದು! ಜರಡಿ ಇನ್ನಷ್ಟು ಸಣ್ಣದಾದರೂ ಬೆವರು ತಪ್ಪದು.

ಕಂಪ್ಯೂಟರ್ ಇರುವಾಗ ಈ ಗೋಳೇಕೆ ಎಂಬ ಮಾತನ್ನು ಅರ್ಧ ಒಪ್ಪುತ್ತೇನೆ. ಕೋಲ್ ಅವರ ಭಾನುವಾರಗಳನ್ನು ಇಂದಿನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ನುಂಗುತ್ತದೆ. ಆದರೆ ಆರ್‌ಎಸ್‌ಎ-250 ಎಂಬ 250 ಅಂಕಿಗಳ ಸಂಖ್ಯೆಯನ್ನು 2020ರಲ್ಲಿ ಒಡೆದಾಗ ತಗುಲಿದ ಲೆಕ್ಕ, ಒಂದೇ ಪ್ರೊಸೆಸರ್ ಕೋರ್ ಕೂತು ಮಾಡಿದ್ದರೆ, ಸುಮಾರು 2,700 ವರ್ಷದ್ದು. ಆನ್‌ಲೈನ್ ವ್ಯವಹಾರಕ್ಕೆ ಕಾವಲಿರುವ, ಇಂಥ ಸಂಖ್ಯೆಗಳಿಂದಲೇ ಕಟ್ಟಿದ ಆರ್‌ಎಸ್‌ಎ ಬೀಗಗಳಲ್ಲಿ 617 ಅಂಕಿಯವು ಮಾಮೂಲು. ದೊಣ್ಣೆ ದಪ್ಪವಾದರೆ ಕುಂಬಾರ ಇನ್ನೊಂದು ಮುದ್ದೆ ಮಣ್ಣು ಸೇರಿಸುತ್ತಾನೆ. ಅವನಿಗೇನು, ನಿಮಿಷದ ಕೆಲಸ.