ಪ್ಲೇಟಪ್ಪನ ಅಭಿಪ್ರಾಯಗಳು

ಪ್ಲೇಟಪ್ಪನ ಪ್ರಕಾರ ಟೆಕ್ನೊ ಸಂಗೀತ ಸತ್ತದ್ದು 1995ರಲ್ಲಿ. ಎದುರಿಗೆ ಕೂತವನಿಗೆ 1995 ಚೆನ್ನಾಗಿಯೇ ನೆನಪಿದೆ ಎಂದು ಗೊತ್ತಾದರೆ ಸಾವಿನ ತಾರೀಖು 1993ಕ್ಕೆ ಜರುಗುತ್ತದೆ. ಅವನು ಆಗಲೇ ಬರ್ಲಿನ್ನಿನ ನೆಲಮಾಳಿಗೆಗಳಲ್ಲಿ ಕುಣಿಯುತ್ತಿದ್ದವನಾದರೆ 1991ಕ್ಕೆ. ಒಟ್ಟಿನಲ್ಲಿ ನೀವು ಹೋಗುವ ಹೊತ್ತಿಗೆ ಊಟ ಮುಗಿದು ಎಲೆ ಎತ್ತಿರಬೇಕು, ಅಷ್ಟೆ.

ಹೆಸರು ನಾನಿಟ್ಟದ್ದು. ಆಸಾಮಿ ಬರ್ಲಿನ್ನಿನವನು; ಡೆಟ್ರಾಯ್ಟ್, ಲಂಡನ್, ಟೋಕಿಯೊಗಳಲ್ಲಿ ದಾಯಾದಿಗಳಿದ್ದಾರೆ. ಕಪ್ಪು ಟೀ ಶರ್ಟು, ಗ್ರಾಮೊಫೋನ್ ಪ್ಲೇಟುಗಳ ಪೆಟ್ಟಿಗೆಗಳ ಮೇಲೆ ಬಗ್ಗಿ ಬಗ್ಗಿ ಗೂನಾದ ಬೆನ್ನು, ಮುಗುಳ್ನಗೆಗೆ ಒಗ್ಗದ ಮುಖ. 1989ರಿಂದ ನಡೆಯುತ್ತಿರುವ ಹಾರ್ಡ್ ವ್ಯಾಕ್ಸ್ ಅಂಗಡಿಯಲ್ಲಿ ಹನ್ನೆರಡು ಇಂಚಿನ ಪ್ಲೇಟುಗಳನ್ನು ಮಗುಚುತ್ತಾ ನಿಂತರೆ ಶನಿವಾರ ಮುಗಿಯಿತು. ಆ ಅಂಗಡಿ ಹುಟ್ಟುಹಾಕಿದ ಮಾರ್ಕ್ ಎರ್ನೆಸ್ಟುಸ್, ಮೊರಿಟ್ಸ್ ಫಾನ್ ಓಸ್ವಾಲ್ಡ್ ಜೊತೆ ಸೇರಿ 1993ರಲ್ಲಿ ಬೇಸಿಕ್ ಚಾನೆಲ್ ಎಂಬ ಲೇಬಲ್ ಶುರುಮಾಡಿದ. ಆ ಪ್ಲೇಟುಗಳ ಮೇಲಿನ ಅಕ್ಷರಗಳನ್ನು ಬೇಕೆಂದೇ ತಿರುಚಿ, ಓದಲಾಗದಂತೆ ಅಚ್ಚು ಹಾಕಿದ್ದರು. ಪ್ಲೇಟಪ್ಪ ಅವನ್ನು ಓದುತ್ತಾನೆ. ಹೆಸರು ಅಚ್ಚಾಗಿರುವ ಪ್ಲೇಟನ್ನು ಕಂಡರೆ ಅವನಿಗೆ ಸ್ವಲ್ಪ ತಾತ್ಸಾರವೇ. ಬಿಳಿ ಲೇಬಲ್ಲಿನ ಅನಾಮಧೇಯ ಪ್ಲೇಟು ಸಿಕ್ಕಿತೋ, ಮೊಬೈಲ್ ದೀಪ ಹಿಡಿದು, ಹಾಡು ಮುಗಿದ ಮೇಲಿನ ಖಾಲಿ ಗೀರಿನಲ್ಲಿ ಕೆತ್ತಿದ ಗುರುತು ಹುಡುಕಿ, ಇದನ್ನು ಕೊರೆದವನು ಯಾರು, ಯಾವ ಊರಿನಲ್ಲಿ ಎಂದು ಜಾತಕ ಹೇಳುತ್ತಾನೆ. ಹಾಡು ಹೇಗಿದೆ ಎಂದು ಕೇಳಬೇಡಿ. ಕೇಳಿದವರ ಜೊತೆ ಮಾತು ಬಿಟ್ಟಿದ್ದಾನೆ.

ಅವನ ಅಭಿಪ್ರಾಯಗಳಲ್ಲೆಲ್ಲ ಘನವಾದದ್ದು ಮರುಮುದ್ರಣದ ಕುರಿತು. 1987ರಲ್ಲಿ ಷಿಕಾಗೊದ ಟ್ರ್ಯಾಕ್ಸ್ ಕಂಪನಿ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಹೊರತಂದಿತು. ಆಸಿಡ್ ಹೌಸ್ ಎಂಬ ಪಂಥಕ್ಕೆ ಹೆಸರು ಬಂದದ್ದೇ ಅದರಿಂದ. ಆ ಕಂಪನಿ ಮಾರಾಟವಾಗದ ಹಳೆಯ ಪ್ಲೇಟುಗಳನ್ನು ಕರಗಿಸಿ ಹೊಸದಕ್ಕೆ ಅಚ್ಚು ಹಾಕುತ್ತಿತ್ತು ಎಂಬ ಮಾತು ಜಗಜ್ಜಾಹೀರು. ಹೊಚ್ಚ ಹೊಸ ಪ್ಲೇಟೂ ಮೊದಲ ಸುತ್ತಿನಿಂದಲೇ ಕರಕರ ಎನ್ನುತ್ತಿತ್ತು. ಷಿಕಾಗೊದ ಹುಡುಗರು ಅದನ್ನು ಬೈದುಕೊಂಡು ಕೊಂಡರು, ಕುಣಿದರು, ಅದರ ಮೇಲೆ ಬಿಯರ್ ಚೆಲ್ಲಿದರು. ಪ್ಲೇಟಪ್ಪ ಆ ಕರಕರ ಸದ್ದಿಗೆ ‘ಬೆಚ್ಚನೆಯ ನಾದ’ ಎನ್ನುತ್ತಾನೆ. ಅದೇ ಹಾಡು 180 ಗ್ರಾಂ ತೂಕದ ಶುದ್ಧ ವಿನೈಲ್‌ನಲ್ಲಿ, ಒಂದು ಚೂರೂ ಕರಕರ ಇಲ್ಲದೆ ಮರುಮುದ್ರಣವಾಗಿ ಬಂದರೆ ಮೂಸಿ ನೋಡಿ, ‘ಆತ್ಮವೇ ಇಲ್ಲ’ ಎಂದು ಪಕ್ಕಕ್ಕಿಡುತ್ತಾನೆ. ಆತ್ಮ ಇದ್ದದ್ದು ರದ್ದಿ ಪ್ಲಾಸ್ಟಿಕ್ಕಿನಲ್ಲೇ ಎಂಬುದು ಯಾವ ಉಪನಿಷತ್ತಿಗೂ ಹೊಳೆಯದೆ ಹೋದ ಮಾತು.

ಸೋತದ್ದೆಲ್ಲ ಅವನಿಗೆ ಪೂಜ್ಯ. ‘ಆಸಿಡ್ ಟ್ರ್ಯಾಕ್ಸ್’ನಲ್ಲಿ ಗುಳುಗುಳು ಎನ್ನುವ ರೋಲ್ಯಾಂಡ್ ಟಿಬಿ-303 ಯಂತ್ರವನ್ನು ಮಾಡಿದ್ದು ಒಂಟಿ ಗಿಟಾರ್ ವಾದಕರ ಹಿಂದೆ ಬೇಸ್ ನುಡಿಸಲೆಂದು. ಯಾರೂ ಕೊಳ್ಳಲಿಲ್ಲ, ಕಂಪನಿ 1984ರಲ್ಲಿ ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಷಿಕಾಗೊದ ಹುಡುಗರು ಎತ್ತಿಕೊಂಡರು. ಈಗ ಪ್ಲೇಟಪ್ಪನಂಥವರ ದೆಸೆಯಿಂದ ಅದರ ಬೆಲೆ ಆ ಹುಡುಗರ ಕೈಗೆ ಎಟುಕದು. ಟೆಕ್ನಿಕ್ಸ್ 1200 ಟರ್ನ್‌ಟೇಬಲ್ಲಿನದೂ ಇಂಥದ್ದೇ ಕಥೆ. 2010ರಲ್ಲಿ ತಯಾರಿಕೆ ನಿಂತಾಗ ಪ್ರಪಂಚ ಮುಳುಗಿತು ಎಂದ. 2016ರಲ್ಲಿ ಮತ್ತೆ ಶುರುವಾದಾಗ, ಮುಳುಗಿದ್ದೇ ಚೆನ್ನಾಗಿತ್ತು ಎಂದ.

ಕುಣಿಯುತ್ತಾನೆಯೇ? ಛೆ. ಕ್ಲಬ್ಬಿನಲ್ಲಿ ಸಾವಿರ ಜನ ಬೆವರು ಸುರಿಸುತ್ತಿರುವಾಗ ಇವನು ಡಿಜೆಯ ಮೇಜಿಗೆ ಆತು ನಿಂತು, ತಿರುಗುತ್ತಿರುವ ಲೇಬಲ್ ಓದಲು ಕತ್ತನ್ನೂ ಅದರ ಜೊತೆ ತಿರುಗಿಸುತ್ತಿರುತ್ತಾನೆ. ಮನೆಯಲ್ಲಿ ಟೆಕ್ನೊ ಡಿಜೆ ಜೆಫ್ ಮಿಲ್ಸ್‌ನ ‘ಸೈಕಲ್ 30’ ಪ್ಲೇಟು ಹಾಕಿಕೊಳ್ಳುತ್ತಾನೆ. ಅದರಲ್ಲಿ ಗೀರು ಒಳಕ್ಕೆ ಸರಿಯದೆ ತನ್ನ ಬಾಲ ತಾನೇ ಕಚ್ಚಿಕೊಂಡಿರುವ ವೃತ್ತಗಳಿವೆ. ಒಂದು ಸುತ್ತಿಗೆ 1.8 ಸೆಕೆಂಡು, ಅದರೊಳಗೆ ನಾಲ್ಕು ಪೆಟ್ಟು, ಅಂದರೆ ನಿಮಿಷಕ್ಕೆ ಸುಮಾರು 133. ಮುಳ್ಳು ಎತ್ತುವವರೆಗೂ ಅದೇ. ಅರ್ಧ ಗಂಟೆಯ ಮೇಲೆ ಪಕ್ಕದ ಮನೆಯ ಮುದುಕಿ ಬಾಗಿಲು ತಟ್ಟಿ, ‘ಪ್ಲೇಟು ಸಿಕ್ಕಿಕೊಂಡಿದೆ ಮಗಾ’ ಎಂದಳಂತೆ. ಆ ಸಂಗೀತದ ಬಗ್ಗೆ ಅಷ್ಟು ಖಚಿತವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ನೀವು ಭಾರತದವರೆಂದು ತಿಳಿದರೆ ಮಾತ್ರ ಆ ಮುಖ ಅರಳುತ್ತದೆ. ತಾಜಮಹಲು, ದೋಸೆ ಏನೂ ಬೇಡ; ‘ಚರಣ್‌ಜಿತ್ ಸಿಂಗ್!’ ಎನ್ನುತ್ತಾನೆ. ಮುಂಬೈ ಸಿನಿಮಾ ಸಂಗೀತದ ವಾದ್ಯಗಾರ ಸಿಂಗ್, 1982ರಲ್ಲಿ ಇದೇ 303, ಜೊತೆಗೆ 808 ಡ್ರಮ್ ಯಂತ್ರ ಇಟ್ಟುಕೊಂಡು ಭೈರವಿ, ಲಲಿತ್, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಎಚ್‌ಎಂವಿ ಎಲ್‌ಪಿ ತಂದಿತು. ‘ಆಸಿಡ್ ಟ್ರ್ಯಾಕ್ಸ್’ಗಿಂತ ಐದು ವರ್ಷ ಮುಂಚೆ! ನಮ್ಮವರು ಯಾರೂ ಕೊಳ್ಳಲಿಲ್ಲ. ಡಚ್ ಸಂಗ್ರಾಹಕನೊಬ್ಬ ನಮ್ಮ ದೇಶದ ಹಳೆ ಅಂಗಡಿಯಲ್ಲಿ ಅದನ್ನು ಹುಡುಕಿ, 2010ರಲ್ಲಿ ಮರುಮುದ್ರಿಸಿದ ಮೇಲೆ ಎಪ್ಪತ್ತರ ಗಡಿಯಲ್ಲಿದ್ದ ಸಿಂಗ್ ಯುರೋಪಿನ ವೇದಿಕೆ ಹತ್ತಿ ನುಡಿಸಿದರು, 2015ರಲ್ಲಿ ತೀರಿಕೊಂಡರು. ಒಪ್ಪಿಕೊಳ್ಳೋಣ, ಪ್ಲೇಟಪ್ಪನ ಕುಲದವರಿಂದ ಲೋಕಕ್ಕೆ ಆದ ಉಪಕಾರ ಇದು. ಆದರೆ ಆ ಮರುಮುದ್ರಣವನ್ನು ಇವನು ಮುಟ್ಟುವುದಿಲ್ಲ. ಯಮನ್ ಸಂಜೆಯ ರಾಗವೋ ಬೆಳಗಿನದೋ ಅವನಿಗೆ ತಿಳಿಯದು. ಮೂಲ ಪ್ಲೇಟಿನ ಕ್ರಮಸಂಖ್ಯೆ ಬಾಯಿಪಾಠ.

ಆದ್ದರಿಂದ ಓದುಗರಲ್ಲಿ ವಿನಂತಿ. ನಿಮ್ಮ ತಂದೆಯವರ ಅಟ್ಟದ ಮೇಲೆ ಆ 1982ರ ಎಲ್‌ಪಿ ಇದ್ದರೆ ಗುಜರಿಯವನಿಗೆ ಹಾಕಬೇಡಿ. ಪ್ಲೇಟಪ್ಪನಿಗೆ ಮಾರಿ, ಸಂಕೋಚಪಡದೆ ಅವನು ಹೇಳಿದ ಬೆಲೆಗಿಂತ ಹೆಚ್ಚು ಕೇಳಿ. ಆದರೆ ಕೊಡುವ ಮುಂಚೆ ಒಂದು ಸಂಜೆ ಮುಳ್ಳು ಇಳಿಸಿ, ಮನೆಮಂದಿಯೆಲ್ಲ ಕುಣಿದುಬಿಡಿ. ಅವನ ಮನೆ ಸೇರಿದ ಮೇಲೆ ಅದಕ್ಕೆ ಆ ಯೋಗವಿಲ್ಲ.