ಹೆಸರಿಗೊಂದು ಅರ್ಜಿ

ರಾಮನಗರದ ಕೋರ್ಟಿನೆದುರು ಟೈಪಿಂಗ್ ಅಂಗಡಿ ರಾಯರ ಮುಂದೆ ಪುಟ್ಟಸ್ವಾಮಿ ಕೂತ. ಇಂಗ್ಲಿಷಿನಲ್ಲಿ ಹೆಸರಿಗೆ ಇನ್ನೊಂದು ‘ಟಿ’ ಸೇರಿಸಿದರೆ ಸೈಟು ಗ್ಯಾರಂಟಿ ಎಂದು ಸಂಖ್ಯಾಶಾಸ್ತ್ರಿಗಳು ಹೇಳಿದ್ದರು.

“ಈಗಾಗ್ಲೇ ಎರಡಿದೆಯಲ್ಲಯ್ಯಾ!”

“ಮೂರು ಟಿ ಬೇಕಂತೆ ರಾಯರೇ.”

“ಮೂರಾ ಸಾರ್? ತಂದೆ!” ಎಂದು ಹೋಟೆಲ್ ಹುಡುಗ ಓಡಿದ.

“ಏನೇನು ಬೇಕು?”

“ಛಾಪಾ ಕಾಗದದ ಅಫಿಡವಿಟ್ಟು, ನೋಟರಿ ಮೊಹರು, ಪೇಪರಲ್ಲಿ ಜಾಹೀರಾತು, ಆಮೇಲೆ ಗೆಜೆಟ್ಟು.”

“ಇಷ್ಟೊಂದು ಖರ್ಚಾ?”

“ಹೆಸರು ಮಾಡೋದು ಸುಮ್ನೇನಾ? ಕೆಡಿಸ್ಕೊಳ್ಳೋದಾದ್ರೆ ಪುಕ್ಕಟೆ.”

“ಟಿ ಫಲ ಕೊಡದಿದ್ರೆ?”

“ತೆಗೆಸು. ಆದ್ರೆ ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವಮಾನಕ್ಕೆ ಎರಡೇ ಸಲ ಅವಕಾಶ. ಸೇರಿಸೋಕೊಂದು, ತೆಗೆಯೋಕೊಂದು. ಅಲ್ಲಿಗೆ ಕೋಟಾ ಖಾಲಿ.”

ಪುಟ್ಟಸ್ವಾಮಿ ತಲೆ ಕೆರೆದುಕೊಂಡ. “ನಮ್ಮೂರು ಟಿಪ್ಪು ಕಾಲದಲ್ಲಿ ಶಂಷೇರಾಬಾದ್, ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಅದೇ ಹೆಸರಲ್ಲಿ ಜಿಲ್ಲೆಯಾಯ್ತು. 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣ. ಇದಕ್ಕೆಲ್ಲ ಅಫಿಡವಿಟ್ ಕೊಟ್ಟೋರು ಯಾರು?”

“ಅದು ಸಂಪುಟದ ತೀರ್ಮಾನ ಕಣಯ್ಯಾ.”

“ಜಗಲಿ ಮೇಲೆ ಕೂತಲ್ಲೇ ಬೆಂಗಳೂರು ಸೇರಿಬಿಟ್ವಿ! ಬಸ್ ಚಾರ್ಜು ಉಳೀತು.”

“ಸೈಟಿನ ರೇಟೂ ಬೆಂಗಳೂರಿಂದೇ ಆಗುತ್ತೆ, ತಾಳು.”

“ಅಂದ್ರೆ ನಾನು ಓಟು ಹಾಕೋದು ಬೆಂಗಳೂರು ದಕ್ಷಿಣಕ್ಕಾ?”

“ಇಲ್ಲ. ಲೋಕಸಭೆಗೆ ನೀನು ಬೆಂಗಳೂರು ಗ್ರಾಮಾಂತರ. ಬೆಂಗಳೂರು ದಕ್ಷಿಣ ತಾಲ್ಲೂಕು ಇರೋದು ನಗರ ಜಿಲ್ಲೇಲಿ.”

“ನಾನು?”

“ಬೆಂಗಳೂರು ದಕ್ಷಿಣ ಜಿಲ್ಲೆ, ರಾಮನಗರ ತಾಲ್ಲೂಕು.”

ರಾಯರು ಕೀಲಿಮಣೆ ಮೇಲೆ ಬೆರಳಿಟ್ಟರು. “ವಿಳಾಸ ಹೊಡೀಲಾ?”

“ಅದೊಂದನ್ನ ಪೆನ್ಸಿಲಲ್ಲಿ ಬರೀರಿ ರಾಯರೇ.”